ಹಳೆಯ ಜೀಪಿನ ಎರಡು ಬೆಲೆ

ಯಾದಗಿರಿ ಜಿಲ್ಲೆಯ ಸೈದಾಪುರದ ಬಳಿಯ ಕಡೇಚೂರಿನಂಥ ಊರಿನಲ್ಲಿ ಹಳೆಯ ಜೀಪು ಕೊಳ್ಳುವವನು ಎರಡು ಬೆಲೆ ಲೆಕ್ಕ ಹಾಕಬೇಕು. ಮಾರುವವನಿಗೆ ಕೊಡುವುದು ಒಂದು, ಗ್ಯಾರೇಜಿನ ಮೇಸ್ತ್ರಿಗೆ ಕೊಡುವುದು ಇನ್ನೊಂದು. ಎರಡನೆಯದು ಜೀಪು ಎಷ್ಟು ಸವೆದಿದೆ ಎಂಬುದಕ್ಕಿಂತ, ಅದರ ಬಿಡಿಭಾಗ ಎಷ್ಟು ದೂರದಿಂದ ಬರಬೇಕು ಎಂಬುದರ ಮೇಲೆಯೇ ಹೆಚ್ಚು ನಿಂತಿರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದಾಗ ಭಾರತದಲ್ಲಿ ಉಳಿದವು ಹರಾಜಿಗೆ ಬಂದವು. ಅಂಥ ಜೀಪು ಕೆಟ್ಟರೆ ಇನ್ನೊಂದನ್ನು ಬಿಚ್ಚಿಯೇ ರಿಪೇರಿ ಮಾಡಬೇಕಿತ್ತು. ಮಹೀಂದ್ರ ಕಂಪನಿ 1947ರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮೇಲೆ ಚಿತ್ರ ಬದಲಾಯಿತು. ಬಿಡಿಭಾಗ ಬರುವ ದಾರಿಯೂ ಇತ್ತು: ಮುಂಬೈ–ಮದ್ರಾಸು ರೈಲುಮಾರ್ಗ ಯಾದಗಿರಿ, ಸೈದಾಪುರಗಳ ಮೇಲೆಯೇ ಹಾಯ್ದುಹೋಗುತ್ತದೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಗೆ ಹೈದರಾಬಾದಿನ ಪೇಟೆಯೂ ಹತ್ತಿರದ್ದೇ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬ್ಲಾಕ್ ಅಧಿಕಾರಿಯ ಜೀಪು ಹಳ್ಳಿಗರಿಗೆ ಸರ್ಕಾರದ ಗುರುತೇ ಆಯಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯನ್ನು ಮಹೀಂದ್ರ ದಶಕಗಳ ಕಾಲ ಹೆಚ್ಚು ಬದಲಿಸದೆ ತಯಾರಿಸಿತು. ಹೊಸತನವಿಲ್ಲವೆಂದು ಪೇಟೆಯವರು ಗೊಣಗಿರಬಹುದು. ಹಳೆಯ ಜೀಪು ಕೊಂಡವನಿಗೆ ಅದೇ ವರವಾಯಿತು. ಒಂದರ ಆಕ್ಸಲ್ ಇನ್ನೊಂದಕ್ಕೆ ಕೂರುತ್ತಿತ್ತು, ಗುಜರಿಯ ರಾಶಿಯೇ ಬಿಡಿಭಾಗದ ಅಂಗಡಿಯಾಗುತ್ತಿತ್ತು.

1973ರ ನಂತರ ಪೆಟ್ರೋಲು ದುಬಾರಿಯಾದಾಗ ಗ್ಯಾರೇಜುಗಳು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸತೊಡಗಿದವು. ಇಂಧನದ ಖರ್ಚು ತಗ್ಗಿತು, ರಿಪೇರಿಯ ಲೆಕ್ಕ ಜಟಿಲವಾಯಿತು. ಡೀಸೆಲ್ ಎಂಜಿನ್ನಿನ ಭಾರ, ಅದುರಾಟಗಳಿಗೆ ಹಳೆಯ ಚಾಸಿಯ ಬೆಸುಗೆ ಬಿರುಕು ಬಿಡುತ್ತದೆ. ಎಂಜಿನ್ ನಂಬರು ಆರ್‌ಸಿ ಪುಸ್ತಕಕ್ಕೆ ಹೊಂದದಿದ್ದರೆ ಯಾವ ಮೇಸ್ತ್ರಿಯೂ ಅದನ್ನು ಸರಿಪಡಿಸಲಾರ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇಂಥ ಬದಲಾವಣೆಗೇ ಸಂಬಂಧಿಸಿದ್ದು.

ಜೀಪಿನ ಮೈಕಟ್ಟು ಇದ್ದ ಮಾತ್ರಕ್ಕೆ ಅದು ಫೋರ್ ಬೈ ಫೋರ್ ಅಲ್ಲ. ಈ ಭಾಗದಲ್ಲಿ ಮಂದಿ ತುಂಬಿಕೊಂಡು ಓಡುವ ಕ್ರೂಸರುಗಳು ಹಿಂದಿನ ಗಾಲಿಯ ಬಲದಿಂದಲೇ ನಡೆಯುವಂಥವು. ನಾಲ್ಕೂ ಗಾಲಿ ಎಳೆಯುವ ಜೀಪಿನಲ್ಲಿ ಹೆಚ್ಚುವರಿ ಗೇರ್‌ಬಾಕ್ಸ್, ಮುಂದಿನ ಕ್ರೌನ್–ಪಿನಿಯನ್, ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸುಗಳು ಇರುತ್ತವೆ. ಕೆಡಬಹುದಾದ ಸಾಮಾನು ಅಷ್ಟು ಹೆಚ್ಚು. ಶಹಾಪುರ, ಸುರಪುರದ ಕಡೆಯ ಎರೆಹೊಲದಲ್ಲಿ ಮಳೆಗಾಲದ ರಾಡಿ ಹಬ್ಬಿನವರೆಗೂ ಮೆತ್ತಿಕೊಳ್ಳುತ್ತದೆ. ಸವೆದ ಆಯಿಲ್ ಸೀಲಿನಿಂದ ನೀರು ಒಳಗಿಳಿದರೆ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಕೊಳ್ಳುವ ಮುನ್ನ ಡ್ರೈನ್ ಬೋಲ್ಟ್ ಸಡಿಲಿಸಿ ನಾಲ್ಕು ಹನಿ ಆಯಿಲ್ ನೋಡುವುದಕ್ಕೆ ಖರ್ಚಿಲ್ಲ. ಕ್ರೌನ್–ಪಿನಿಯನ್ ಬದಲಿಸುವ ಖರ್ಚು ಮಾತ್ರ ದೊಡ್ಡದು. ಒಣ ಡಾಂಬರಿನ ಮೇಲೆ ಫೋರ್ ಬೈ ಫೋರ್ ಹಾಕಿಕೊಂಡೇ ಓಡಿಸಿದ ಜೀಪು ಇನ್ನೂ ಅಪಾಯ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಆ ಸೆಳೆತವನ್ನು ಗೇರುಗಳು, ಕ್ರಾಸುಗಳು, ಟೈರುಗಳು ನುಂಗಿಕೊಳ್ಳುತ್ತವೆ. ಫೋರ್ ಬೈ ಫೋರ್ ಲಿವರ್ ಬೀಳುತ್ತದೆಯೇ ಎಂದು ನೋಡಿದರೆ ಸಾಲದು. ಮೆತ್ತನೆಯ ನೆಲದಲ್ಲಿ ಓಡಿಸಿ, ಮುಂದಿನ ಗಾಲಿಗಳು ನಿಜಕ್ಕೂ ಎಳೆಯುತ್ತವೆಯೇ ಎಂದು ನೋಡಬೇಕು. ಪಾಟಾ, ಬ್ರೇಕು, ಬಣ್ಣದ ಕೆಲಸವೆಲ್ಲ ಇದರ ಮುಂದೆ ಸಣ್ಣದು.

ಸೇನೆಗಾಗಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಜೊಂಗಾ ಗಟ್ಟಿಮುಟ್ಟು. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ದಾಹವೂ ಬಿಡಿಭಾಗದ ಕೊರತೆಯೂ ಅದನ್ನು ರೈತನಿಗೆ ದೂರ ಮಾಡಿದವು. 1985ರಲ್ಲಿ ಬಂದ ಮಾರುತಿ ಜಿಪ್ಸಿ ಹಗುರ. ಈಚಿನ ವಾಹನಗಳಲ್ಲಿ ಲಿವರ್ ಹೋಗಿ ಸ್ವಿಚ್ ಬಂದಿದೆ. ಅದು ಕೆಟ್ಟರೆ ಸ್ಪ್ಯಾನರ್ ಸಾಲದು, ಸ್ಕ್ಯಾನರ್ ಇರುವ ಊರಿಗೇ ಒಯ್ಯಬೇಕು.

ಕಡೇಚೂರಿನವರಿಗೆ ತೆಲಂಗಾಣದ ಗಡಿ ಹತ್ತಿರ, ಆಚೆಯ ಜೀಪು ಅಗ್ಗವೆಂದೂ ಕಾಣುತ್ತದೆ. ಆದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎ-33ರ ನಂಬರು ಪಡೆಯುವ ಖರ್ಚನ್ನೂ ರಿಪೇರಿಯ ಲೆಕ್ಕದಲ್ಲೇ ಸೇರಿಸಬೇಕಾಗುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಿಂದ ಕಾರು, ಜೀಪುಗಳಿಗೆ 600 ರೂಪಾಯಿಯಿಂದ 5,000ಕ್ಕೆ ಏರಿತು.