ಉದಗೀರದ ಕೋಟೆ ಮತ್ತು ಬೀದರದ ಬರೀದಶಾಹಿ

ಉಮರ್ಗಾ, ನಿಲಂಗಾ, ಉದಗೀರ ಪರಿಸರದ ಕನ್ನಡಿಗರಾದ ನಾವು ಉದಗೀರದ ಕೋಟೆಯನ್ನು ಕಂಡಾಗ 1760ರ ಮರಾಠಾ-ನಿಜಾಮರ ಕದನವನ್ನು ನೆನೆಯುತ್ತೇವೆ. ಅದಕ್ಕೂ ಬಹು ಮುನ್ನ ಒಂದು ರಾಜವಂಶದ ಏಳಿಗೆಗೆ ಈ ಕೋಟೆ ಆಸರೆಯಾಗಿತ್ತೆಂಬುದನ್ನು ಮರೆಯುತ್ತೇವೆ.

ಆ ವಂಶದ ಮೂಲಪುರುಷ ಕಾಸಿಮ್ ಬರೀದ್. ತುರ್ಕಿ ಗುಲಾಮನಾಗಿ ದಕ್ಷಿಣಕ್ಕೆ ಬಂದು, ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಶಹಾನ ಸೇವೆಗೆ ಸೇರಿದವನು. ಸುಂದರ ಬರವಣಿಗೆಯಲ್ಲಿ, ಸಂಗೀತದಲ್ಲಿ ನಿಪುಣ. ಯುದ್ಧದಲ್ಲಿಯೂ ಹೆಸರು ಗಳಿಸಿದನು. ಮುಂದೆ ಬೀದರದ ಕೊತ್ವಾಲನಾದನು. 1481ರಲ್ಲಿ ಮಹಮೂದ್ ಗವಾನನ ವಧೆಯಾದ ಮೇಲೆ ರಾಜ್ಯದ ಬುಡವೇ ಅಲುಗಿತು. ಮರುವರ್ಷ ಪಟ್ಟವೇರಿದ ಮಹಮೂದ್ ಶಹಾ ಇನ್ನೂ ಬಾಲಕ. ಪ್ರಾಂತಾಧಿಪತಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾಗುತ್ತಿರಲು, ಉದಗೀರ, ಔಸಾ, ಕಂಧಾರಗಳನ್ನು ಕೈಯಲ್ಲಿಟ್ಟುಕೊಂಡ ಕಾಸಿಮ್ ಬೀದರದಲ್ಲಿ ಪ್ರಧಾನಿಯಾದನು. ಅವನು ಸಿಂಹಾಸನವನ್ನೇರಲಿಲ್ಲ, ಸುಲ್ತಾನನಿಗೆ ಹೆಸರನ್ನು ಬಿಟ್ಟು ಅಧಿಕಾರವನ್ನು ತನ್ನದಾಗಿಸಿಕೊಂಡನು. 1504ರಲ್ಲಿ ಅವನು ಮಡಿದಾಗ ಪ್ರಧಾನಿ ಪದವಿಯೇ ಪಿತ್ರಾರ್ಜಿತದಂತೆ ಮಗ ಅಮೀರ್ ಬರೀದನಿಗೆ ಬಂದಿತು. ‘ಶಹಾ’ ಎಂಬ ಬಿರುದನ್ನು ಧರಿಸಿದವನು ಮೊಮ್ಮಗ ಅಲಿ ಬರೀದ್. 1619ರಲ್ಲಿ ಬಿಜಾಪುರದ ಆದಿಲಶಾಹಿಯು ಈ ರಾಜ್ಯವನ್ನು ತನ್ನಲ್ಲಿ ಸೇರಿಸಿಕೊಂಡಿತು.

ಉದಗೀರ, ನಿಲಂಗಾಗಳು 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ರಾಜ್ಯಗಳ ಪುನರ್ವಿಂಗಡಣೆ ನಡುವೆ ಗೆರೆಯೆಳೆಯಿತು. ಇತಿಹಾಸಕ್ಕೆ ಆ ಗೆರೆಯಿಲ್ಲ. ಬೀದರದ ಚರಿತ್ರೆ ನಮಗೆ ನೆರೆಯವರ ಕಥೆಯಲ್ಲ. ಮಕ್ಕಳಿಗೆ ಅಲ್ಲಿಯ ಅಲಿ ಬರೀದನ ಗೋರಿಯನ್ನೂ ಇಲ್ಲಿಯ ಉದಗೀರದ ಕೋಟೆಯನ್ನೂ ತೋರಿಸಿ, ಎರಡನ್ನೂ ಒಂದೇ ಕಥೆಯಾಗಿ, ನಮ್ಮ ಕನ್ನಡದಲ್ಲಿಯೇ ಹೇಳೋಣ.