ವಿರೂಪಾಕ್ಷಿಪುರದ ಹೆಸರೂ ವಿಶ್ವವಿದ್ಯಾನಿಲಯದ ಪಾಠವೂ

ಚನ್ನಪಟ್ಟಣದ ತಾಲ್ಲೂಕಿನಲ್ಲಿ ವಿರೂಪಾಕ್ಷಿಪುರವೆಂಬ ಊರೊಂದುಂಟು. ಅದು ಒಂದು ಹೋಬಳಿಗೂ ಹೆಸರನ್ನು ಕೊಟ್ಟಿದೆ. ಆ ಹೆಸರು ಕಿವಿಗೆ ಬಿದ್ದೊಡನೆ ಹಂಪೆಯ ವಿರೂಪಾಕ್ಷಸ್ವಾಮಿಯ ನೆನಪಾಗುವುದು ಸಹಜ. ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಒಪ್ಪವನ್ನು ಹಾಕಿಸುತ್ತಿದ್ದರಷ್ಟೆ. ಅವರ ಅಧೀನದಲ್ಲಿದ್ದ ಜಗದೇವರಾಯನ ಮನೆತನದವರು ಚನ್ನಪಟ್ಟಣವನ್ನೇ ರಾಜಧಾನಿಯಾಗಿ ಮಾಡಿಕೊಂಡು ಆಳಿದರು. 1630ರಲ್ಲಿ ಅದು ಮೈಸೂರಿನವರ ಕೈಸೇರಿತು. ಹೀಗಿರುವಲ್ಲಿ, ಈ ಊರನ್ನು ವಿಜಯನಗರದವರೇ ಕಟ್ಟಿಸಿದರೆಂದು ಹೇಳಿಬಿಡಬಹುದೇ?

ಹೇಳಬಾರದು. ಹೆಸರು ಊಹೆಗೆ ದಾರಿ ತೋರಿಸಬಲ್ಲುದೇ ಹೊರತು ತಾನೇ ಪ್ರಮಾಣವಾಗಲಾರದು. ಶಿವನನ್ನು ವಿರೂಪಾಕ್ಷನೆಂದು ಪೂಜಿಸಿದವರು ವಿಜಯನಗರದವರೇ ಮೊದಲಿನವರಲ್ಲ, ಕೊನೆಯವರೂ ಅಲ್ಲ. ಊಹೆಗೂ ಪ್ರಮಾಣಕ್ಕೂ ಇರುವ ಈ ಅಂತರವನ್ನು ಕಲಿಸುವುದೇ ವಿಶ್ವವಿದ್ಯಾನಿಲಯವೊಂದರ ಮುಖ್ಯ ಕಾರ್ಯವೆಂದು ನನ್ನ ಭಾವನೆ. ನಮ್ಮ ನಾಡಿಗೆ ಆ ಪಾಠ ಬಂದ ಬಗೆಯನ್ನು ಶ್ರೋತೃಗಳ ಮುಂದೆ ಸಂಕ್ಷೇಪವಾಗಿ ಅರಿಕೆಮಾಡುತ್ತೇನೆ.

ಪಾಠಕ್ಕೆ ಮೊದಲು ಸಾಮಗ್ರಿ ಬೇಕು. ಅದನ್ನು ಒದಗಿಸಿದವರಲ್ಲಿ ಮೊದಲು ಸ್ಮರಿಸತಕ್ಕವರು ಬಿ. ಎಲ್. ರೈಸ್ ಅವರು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಈ ಮಹನೀಯರು ಹಳ್ಳಿಹಳ್ಳಿಗಳ ಶಾಸನಗಳನ್ನು ಪ್ರತಿಮಾಡಿಸಿ, 'ಎಪಿಗ್ರಾಫಿಯ ಕರ್ನಾಟಿಕ'ದ 12 ಸಂಪುಟಗಳಲ್ಲಿ 9,000ಕ್ಕೆ ಸಮೀಪವಾದ ಶಾಸನಗಳನ್ನು ಅಚ್ಚುಹಾಕಿಸಿದರು. 1905ರಲ್ಲಿ ಹೊರಬಂದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ, ಕನಕಪುರದ ಸೀಮೆಗಳ ಶಿಲಾಲಿಪಿಗಳಿವೆ. ಅದನ್ನು ತೆರೆದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಚನ್ನಪಟ್ಟಣದ ಸುತ್ತಿನ ಹಳೆಯ ಶಾಸನಗಳಲ್ಲಿ ಅನೇಕವು ಚೋಳರ ಕಾಲದವು. ಅವುಗಳ ಭಾಷೆ ತಮಿಳು. ಗಂಗವಾಡಿ ಚೋಳರ ವಶವಾಗಿ 'ಮುಡಿಕೊಂಡಚೋಳಮಂಡಲ'ವೆಂಬ ಹೊಸ ಹೆಸರನ್ನು ಹೊತ್ತ ಕಾಲದ ಸಾಕ್ಷಿಗಳು ಅವು. ವಿಜಯನಗರದ ಹೆಸರೊಂದನ್ನೇ ನೆಚ್ಚಿ ಹೊರಟವನು ಈ ಸೀಮೆಯ ಅದಕ್ಕಿಂತ ಹಳೆಯದಾದ ಒಂದು ಪದರವನ್ನೇ ಕಾಣದೆ ಹೋಗುತ್ತಿದ್ದನು.

ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ನೆಯ ಇಸವಿ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರವರು ಆಗ ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಅದುವರೆಗೆ ನಮ್ಮ ಕಾಲೇಜುಗಳು ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ದೇಶೀಯ ಸಂಸ್ಥಾನವೊಂದರಲ್ಲಿ ಇಂಥ ಸಂಸ್ಥೆ ಹುಟ್ಟಿದುದು ಅದೇ ಮೊದಲು.

ಆದರೂ ಕನ್ನಡದಲ್ಲಿ ಎಂ. ಎ. ತರಗತಿ ಆರಂಭವಾಗಲು 1927ರವರೆಗೆ ಕಾಯಬೇಕಾಯಿತು. ಕನ್ನಡಕ್ಕೆ ಅಷ್ಟು ಉನ್ನತವಾದ ವ್ಯಾಸಂಗಕ್ಕೆ ತಕ್ಕ ಸಾಮಗ್ರಿಯುಂಟೇ ಎಂದು ಕೇಳುವವರಿದ್ದ ಕಾಲವದು. ಉತ್ತರವನ್ನು ಸಂಶೋಧಕರು ಮೊದಲೇ ಸಿದ್ಧಗೊಳಿಸಿದ್ದರು. ಕವಿರಾಜಮಾರ್ಗವೂ ಪಂಪಭಾರತವೂ 1898ರ ವೇಳೆಗೆ ಅಚ್ಚಾಗಿದ್ದವು. ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂದಿತ್ತು. ಕವಿಗಳ ಕಾಲವನ್ನು ನಿರ್ಣಯಿಸಲು ಅವರಿಗೆ ಶಾಸನಗಳು ನೆರವಾಗಿದ್ದವು. ಬಿ. ಎಂ. ಶ್ರೀಕಂಠಯ್ಯನವರೂ ಟಿ. ಎಸ್. ವೆಂಕಣ್ಣಯ್ಯನವರೂ ಪಾಠ ಹೇಳಿದ ಆ ತರಗತಿಯಿಂದಲೇ ಕುವೆಂಪು ಅವರು 1929ರಲ್ಲಿ ತೇರ್ಗಡೆಯಾಗಿ ಬಂದರು. ಹೊಲದ ಬದುವಿನ ಕಲ್ಲನ್ನೂ ಮನೆಯ ಅಟ್ಟದ ಓಲೆಯನ್ನೂ ಓದಿದವರ ದುಡಿಮೆಯಿಲ್ಲದೆ ಆ ಪಾಠಪಟ್ಟಿ ಸಿದ್ಧವಾಗುತ್ತಿರಲಿಲ್ಲವೆಂಬುದನ್ನು ನಾವು ಮರೆಯಲಾಗದು.

ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಪ್ರಾಧ್ಯಾಪಕರಾಗಿದ್ದು ಪ್ರಾಕ್ತನ ವಿಮರ್ಶೆಯ ಇಲಾಖೆಯನ್ನೂ ನಡೆಸಿದ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ವಿದ್ವಾಂಸರ ಗಮನಕ್ಕೆ ತಂದರು. ಅದರ ಕಾಲ ಸುಮಾರು ಕ್ರಿ. ಶ. 450 ಎಂದು ತೀರ್ಮಾನವಾದಾಗ ಕನ್ನಡ ಬರವಣಿಗೆಯ ಚರಿತ್ರೆ ಒಮ್ಮೆಗೇ ಹಿಂದಕ್ಕೆ ಸರಿಯಿತು. ಈಚೆಗೆ ತಾಳಗುಂದದಲ್ಲಿ ದೊರೆತ ಮತ್ತೊಂದು ಶಾಸನ ಇನ್ನೂ ಹಳೆಯದೆಂದು ವಾದಿಸುವ ವಿದ್ವಾಂಸರಿದ್ದಾರೆ. ಇದರಿಂದ ಕೃಷ್ಣ ಅವರ ಕೀರ್ತಿಗೆ ಕುಂದೇನೂ ಇಲ್ಲ. ಹೊಸ ಪ್ರಮಾಣ ಬಂದಾಗ ಹಳೆಯ ತೀರ್ಮಾನವನ್ನು ಮತ್ತೆ ತೂಗಿನೋಡುವುದೇ ವಿದ್ಯೆಯ ಲಕ್ಷಣ.

ಹೀಗೆ ಸಂಪಾದಿಸಿದ ವಿದ್ಯೆ ತರಗತಿಯ ಗೋಡೆಗಳೊಳಗೇ ಉಳಿದರೆ ಫಲವೇನು? ಈ ಪ್ರಶ್ನೆಯನ್ನು ಅಂದಿನವರೂ ಕೇಳಿಕೊಂಡರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದುದು ಸರ್ವವಿದಿತವಾಗಿದೆ. ಪ್ರಾಧ್ಯಾಪಕರೊಬ್ಬರ ಮನೆಯಿಂದಲೇ ಈ ನಾಡಿನ ಧ್ವನಿ ಗಾಳಿಯಲ್ಲಿ ಹರಡಿದುದು ಅರ್ಥವತ್ತಾದ ಸಂಗತಿಯಲ್ಲವೇ?

ಈಗ ಮತ್ತೆ ವಿರೂಪಾಕ್ಷಿಪುರಕ್ಕೆ ಬರೋಣ. ರೈಸ್ ಅವರು ಪ್ರತಿಮಾಡಿಸಿದ ಕಲ್ಲುಗಳೆಲ್ಲವೂ ನಮ್ಮ ನಾಡಿನಲ್ಲಿ ಇಂದಿಗೂ ಉಳಿದಿಲ್ಲ. ಕೆಲವು ರಸ್ತೆಗೆ ಜಲ್ಲಿಯಾದವು. ಕೆಲವು ಮನೆಗಳ ತಳಪಾಯ ಸೇರಿದವು. ಬಟ್ಟೆ ಒಗೆಯುವ ಬಂಡೆಯಾದವೂ ಉಂಟು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಹುಡುಕಿ, ಅವುಗಳ ರೂಪವನ್ನು ಅಕ್ಷರದ ಆಳಸಹಿತವಾಗಿ ಗಣಕಯಂತ್ರದಲ್ಲಿ ಸೆರೆಹಿಡಿಯುತ್ತ ಬಂದಿದ್ದಾರೆ. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಕಲ್ಲು ಉಳಿದು ಅದನ್ನು ಓದುವವರು ಇಲ್ಲವಾದರೆ ಅದೂ ಒಂದು ಬಗೆಯ ನಾಶವೇ. ಹಳಗನ್ನಡದ ಲಿಪಿಯನ್ನೂ ತಮಿಳಿನ ಗ್ರಂಥಾಕ್ಷರವನ್ನೂ ಬಲ್ಲವರು ಬೆರಳೆಣಿಕೆಗೆ ಇಳಿಯದಂತೆ ನೋಡಿಕೊಳ್ಳುವುದು ವಿಶ್ವವಿದ್ಯಾನಿಲಯಗಳ ಹೊಣೆ. ಕಲ್ಲನ್ನು ಒಡೆಯದೆ ಕಾಯುವುದು ಊರವರ ಹೊಣೆ.

ತನ್ನ ಊರಿನ ಹೆಸರನ್ನು ಕುರಿತು ವಿರೂಪಾಕ್ಷಿಪುರದ ಹುಡುಗನೊಬ್ಬ ನಾಳೆ ಪ್ರಶ್ನೆ ಕೇಳಿದರೆ, ಅವನಿಗೆ ಸಿದ್ಧವಾದ ಕಥೆಯೊಂದನ್ನು ಹೇಳಿ ಕಳುಹಿಸಬೇಡಿ. ಒಂಬತ್ತನೆಯ ಸಂಪುಟವನ್ನು ಅವನ ಕೈಯಲ್ಲಿಡಿ. ಬಳಿಕ ಹೊಲದ ಕಡೆಗೆ ಕರೆದುಕೊಂಡು ಹೋಗಿ, ನಿಂತಿರುವ ಕಲ್ಲುಗಳನ್ನು ತೋರಿಸಿ. ವಿಶ್ವವಿದ್ಯಾನಿಲಯದ ಮೊದಲನೆಯ ಪಾಠ ಅವನಿಗೆ ಅಲ್ಲಿಯೇ ಆರಂಭವಾಗುವುದು.