ಮುಕ್ಕೋನ ಹಾಯಿ ಯಾರ ಕೊಡುಗೆ?

ಸೀರತ್ ಸಭೆಗಳಲ್ಲಿ, ಮದ್ರಸದ ವಾರ್ಷಿಕೋತ್ಸವಗಳಲ್ಲಿ ಮುಸ್ಲಿಮರು ಲೋಕಕ್ಕೆ ನೀಡಿದ ಕೊಡುಗೆಗಳ ಪಟ್ಟಿಯನ್ನು ನಮ್ಮ ಮಕ್ಕಳು ಉತ್ಸಾಹದಿಂದ ಓದುತ್ತಾರೆ. ಬೀಜಗಣಿತ, ವೈದ್ಯಶಾಸ್ತ್ರ, ಖಗೋಳಶಾಸ್ತ್ರಗಳ ಜೊತೆಗೆ ಕೆಲವೊಮ್ಮೆ ಇನ್ನೊಂದು ಸಾಲೂ ಬರುತ್ತದೆ: ಮುಕ್ಕೋನ ಹಾಯಿಯನ್ನು ಕಂಡುಹಿಡಿದವರು ಅರಬರು, ಅವರಿಂದ ಕಲಿತ ಯುರೋಪಿಯನ್ನರು ಮುಂದೆ ಮಹಾಸಾಗರ ದಾಟಿದರು. ಹಳೆಯ ಇತಿಹಾಸ ಗ್ರಂಥಗಳಲ್ಲೂ ಈ ಮಾತಿದೆ. ಕೇಳಲು ಹಿತವಾಗಿದೆ. ಆದರೆ ಇದು ನಿಜವೇ ಎಂದು ಕೇಳುವ ಹೊಣೆಯೂ ನಮ್ಮದೇ.

ಮೊದಲು ಆ ಹಾಯಿಯ ರಚನೆಯನ್ನು ನೋಡೋಣ. ಚೌಕ ಹಾಯಿ ನಾವೆಗೆ ಅಡ್ಡಲಾಗಿ ನಿಲ್ಲುತ್ತದೆ. ಹಿಂದಿನಿಂದ ಬೀಸುವ ಗಾಳಿಯನ್ನು ತುಂಬಿಕೊಂಡು ದೂಡುತ್ತದೆ. ಅರಬರ ‘ದೌ’ ನಾವೆಗಳ ಹಾಯಿ ಹಾಗಲ್ಲ. ಅದನ್ನು ಉದ್ದವಾದ ಒಂದು ಓರೆಮರಕ್ಕೆ ಕಟ್ಟಿ, ಆ ಮರವನ್ನು ಕೂವೆಕಂಬದಿಂದ ವಾರೆಯಾಗಿ ತೂಗುಬಿಡುತ್ತಾರೆ. ಕಂಬಕ್ಕೆ ಅರಬಿಯಲ್ಲಿ ‘ದಕಲ್’ ಎಂದೂ ಹಾಯಿಗೆ ‘ಶಿರಾ’ ಎಂದೂ ಹೆಸರು. ದೂರದಿಂದ ಮೂರು ಮೂಲೆಯಂತೆ ಕಂಡರೂ ಮುಂದಿನ ತುದಿಯನ್ನು ಸ್ವಲ್ಪ ಕತ್ತರಿಸಿರುವುದರಿಂದ ವಾಸ್ತವದಲ್ಲಿ ಅದಕ್ಕೆ ನಾಲ್ಕು ಬದಿಗಳಿವೆ.

ಓರೆಮರ ಕೆಲವೊಮ್ಮೆ ಹೆಚ್ಚುಕಡಿಮೆ ನಾವೆಯಷ್ಟೇ ಉದ್ದವಿರುತ್ತದೆ. ಅಷ್ಟುದ್ದದ ಒಂದೇ ಮರ ಸಿಗದ ಕಾರಣ ಎರಡು ಮೂರು ತುಂಡುಗಳನ್ನು ಹಗ್ಗದಿಂದ ಬಿಗಿದು ಜೋಡಿಸುತ್ತಾರೆ. ಈ ಭಾರ ಕಂಬಕ್ಕೆ ತಾಗದೆ ಸಲೀಸಾಗಿ ತೂಗಲೆಂದು ಕೂವೆಕಂಬವನ್ನು ಮುಂದಕ್ಕೆ ಬಾಗಿಸಿ ನಿಲ್ಲಿಸುವುದು ವಾಡಿಕೆ. ಕಂಬವನ್ನು ಹಿಡಿದಿಡುವ ಹಗ್ಗಗಳೂ ಒಂದೇ ಕಡೆ ಕಾಯಂ ಇರುವುದಿಲ್ಲ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಬಿಚ್ಚಿ ಕಟ್ಟಬೇಕು. ನಾವೆಯ ದಿಕ್ಕು ಬದಲಿಸುವಾಗ ಖಲಾಸಿಗಳೆಲ್ಲ ಸೇರಿ ಓರೆಮರವನ್ನು ನೆಟ್ಟಗೆ ನಿಲ್ಲಿಸಿ, ಹಾಯಿಯನ್ನು ಕಂಬದ ಮುಂದಿನಿಂದ ಸುತ್ತಿಸಿ ಇನ್ನೊಂದು ಬದಿಗೆ ತರಬೇಕು. ಗಾಳಿ ಜೋರಾದರೆ ಹಾಯಿಯನ್ನು ಮಡಿಚಿ ಕಿರಿದುಗೊಳಿಸುವ ಪದ್ಧತಿ ಅವರಲ್ಲಿರಲಿಲ್ಲ. ದೊಡ್ಡದನ್ನು ಇಳಿಸಿ ಚಿಕ್ಕದನ್ನು ಏರಿಸುತ್ತಿದ್ದರು. 1938-39ರಲ್ಲಿ ಕುವೈತಿನ ದೌ ಒಂದರಲ್ಲಿ ಪಯಣಿಸಿದ ಆಸ್ಟ್ರೇಲಿಯಾದ ನಾವಿಕ ಅಲನ್ ವಿಲ್ಲಿಯರ್ಸ್ ಈ ಕೆಲಸವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ.

ಈಗ ಮೂಲದ ಪ್ರಶ್ನೆಗೆ ಬರೋಣ. ಗ್ರೀಸಿನ ಪಿರೇಯಸ್ ಬಂದರಿನಲ್ಲಿ ಕ್ರಿ.ಶ. 2ನೇ ಶತಮಾನದ ಒಂದು ಸಮಾಧಿಶಿಲೆ ಸಿಕ್ಕಿದೆ. ಅದರ ಮೇಲೆ ಕೆತ್ತಿದ ಸಣ್ಣ ನಾವೆಗೆ ಇದೇ ಬಗೆಯ ಓರೆಹಾಯಿ ಇದೆ. ಅಂದರೆ ಪ್ರವಾದಿ(ಸ)ಯವರ ಜನನಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮೆಡಿಟರೇನಿಯನ್ ಸಮುದ್ರದಲ್ಲಿ ಅದು ಬಳಕೆಯಲ್ಲಿತ್ತು. ನಮ್ಮ ಕಡಲಿನ ಸಾಕ್ಷ್ಯ ಬೇರೆಯದನ್ನು ಹೇಳುತ್ತದೆ. ಅಜಂತಾದ 2ನೇ ಗುಹೆಯಲ್ಲಿ ಚಿತ್ರಿಸಿರುವ ನಾವೆಗೆ ಮೂರು ಕೂವೆಕಂಬಗಳಿವೆ. ಅವುಗಳ ಮೇಲಿರುವುದು ಎತ್ತರದ ಆಯತಾಕಾರದ ಹಾಯಿಗಳು.

ವಿದ್ವಾಂಸರ ಅಭಿಪ್ರಾಯ ಬದಲಾದುದನ್ನು ಒಮಾನಿನ ಎರಡು ನಾವೆಗಳೇ ತೋರಿಸುತ್ತವೆ. 1980-81ರಲ್ಲಿ ಟಿಮ್ ಸೆವೆರಿನ್ ‘ಸೊಹಾರ್’ ಎಂಬ ನಾವೆಯಲ್ಲಿ ಮಸ್ಕತ್‌ನಿಂದ ಚೀನಾದ ಗುವಾಂಗ್‌ಝೌವರೆಗೆ ಹೋದರು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದ ಆ ನಾವೆಗೆ ಓರೆಹಾಯಿ ಕಟ್ಟಿದ್ದರು. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 9ನೇ ಶತಮಾನದ ಒಂದು ಹೊಲಿದ ನಾವೆಯ ಅವಶೇಷ ಸಿಕ್ಕಿತು. ಅದರ ಮಾದರಿಯಲ್ಲಿ ಕಟ್ಟಿದ ‘ಜುವೆಲ್ ಆಫ್ ಮಸ್ಕತ್’ 2010ರಲ್ಲಿ ಸಿಂಗಾಪುರ ತಲುಪಿತು. ಅದಕ್ಕೆ ಕಟ್ಟಿದ್ದು ಚೌಕ ಹಾಯಿಗಳನ್ನು! ಆ ಕಾಲದ ಅರಬೀ ಸಮುದ್ರದಲ್ಲಿ ಓರೆಹಾಯಿ ಇತ್ತೆಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂಬುದೇ ಅದಕ್ಕೆ ಕಾರಣ.

ಹಾಗಾದರೆ ನಾವಿಕರು ಓರೆಹಾಯಿಯನ್ನು ಏಕೆ ಮೆಚ್ಚಿದರು? ಎದುರುಗಾಳಿಗೆ ಓರೆಯಾಗಿ ಚೆನ್ನಾಗಿ ಸಾಗುತ್ತದೆ, ಅದಕ್ಕೆ ಎನ್ನುವುದು ಹಿಂದಿನ ಉತ್ತರ. ಪುರಾತತ್ವಜ್ಞ ಜೂಲಿಯನ್ ವೈಟ್‌ರೈಟ್ ಎರಡೂ ಬಗೆಯ ನಾವೆಗಳ ಪಯಣದ ದಾಖಲೆಗಳನ್ನು ಹೋಲಿಸಿ ನೋಡಿದರು. ವೇಗದಲ್ಲಾಗಲಿ, ಎದುರುಗಾಳಿಯಲ್ಲಾಗಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ಸಾಮಗ್ರಿಯಲ್ಲಿ. ಮೆಡಿಟರೇನಿಯನ್ನಿನ ಚೌಕ ಹಾಯಿಗೆ ಸಾಲುಸಾಲು ಬಳೆಗಳನ್ನು ಹೊಲಿದು, ಒಂದೊಂದು ಸಾಲಿಗೂ ಒಂದೊಂದು ಹಗ್ಗ ಪೋಣಿಸಬೇಕಿತ್ತು. ಓರೆಹಾಯಿಗೆ ಕೆಲವೇ ಹಗ್ಗ, ಕೆಲವೇ ರಾಟೆ ಸಾಕು. ಕಟ್ಟುವ ಖರ್ಚೂ ಕಡಿಮೆ, ದುರಸ್ತಿಯೂ ಸುಲಭ. ಸಣ್ಣ ನಾವೆಯ ಯಜಮಾನನಿಗೆ ಇದು ದೊಡ್ಡ ಲಾಭ.

ಕಂಡುಹಿಡಿದ ಕೀರ್ತಿ ಹೋದರೆ ನಮ್ಮ ಪೂರ್ವಿಕರ ಪಾಲಿಗೆ ಏನು ಉಳಿಯಿತು? ಬಹಳಷ್ಟು ಉಳಿದಿದೆ. 10ನೇ ಶತಮಾನದ ಆರಂಭದಲ್ಲಿ ಸಿರಾಫ್ ಬಂದರಿನ ಅಬೂ ಝೈದ್ ಒಂದು ಸಂಗತಿ ಬರೆದಿಟ್ಟಿದ್ದಾರೆ. ಒಮಾನಿನ ಜನ ಬಡಗಿಯ ಸಲಕರಣೆ ಹಿಡಿದು ತೆಂಗಿನ ದ್ವೀಪಗಳಿಗೆ ಹೋಗುತ್ತಿದ್ದರು. ಮರ ಕಡಿದು ಒಣಗಿಸಿ ಹಲಗೆ ಮಾಡುತ್ತಿದ್ದರು. ನಾರಿನಿಂದ ಹಗ್ಗ ಹೊಸೆದು ಹಲಗೆ ಹೊಲಿಯುತ್ತಿದ್ದರು. ಅದೇ ಮರದಿಂದ ಕೂವೆಕಂಬ, ಅದರ ಗರಿಯಿಂದಲೇ ಹಾಯಿ. ಕೊನೆಗೆ ತೆಂಗಿನಕಾಯಿ ತುಂಬಿಕೊಂಡು ಊರಿಗೆ ಮರಳುತ್ತಿದ್ದರು. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಧಿಸುವ ಈ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಾರರು. ಓರೆಹಾಯಿ ಬಂದ ಮೇಲೆ ಅದನ್ನು ಮಾನ್ಸೂನ್ ಮಾರುತಕ್ಕೆ ಹೊಂದಿಸಿ ಶತಮಾನಗಳ ಕಾಲ ನಡೆಸಿದವರೂ ಈ ಕಡಲಿನವರೇ. ಜುಲ್ಫಾರ್‌ನ ಇಬ್ನ್ ಮಾಜಿದ್ 1490ರ ಸುಮಾರಿಗೆ ಬರೆದ ಗ್ರಂಥದಲ್ಲಿ ಯಾವ ಬಂದರಿನಿಂದ ಯಾವ ಕಾಲಕ್ಕೆ ಹೊರಡಬೇಕೆಂಬ ಲೆಕ್ಕವಿದೆ.

ಆ ಕಡಲಿನ ಒಂದು ದಡ ನಮ್ಮದು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿಯ ಮುಸ್ಲಿಮರ ನೌಕಾಬಲವನ್ನು ಹೊಗಳಿದ್ದಾರೆ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನೂ ದಾಖಲಿಸಿದ್ದಾರೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ಇಂದು ನಡೆಸುವುದು ಇಂಜಿನ್.

ಸುಳ್ಳು ಹೆಮ್ಮೆಯಿಂದ ಆಗುವ ನಷ್ಟ ಸಣ್ಣದಲ್ಲ. ವೇದಿಕೆಯಲ್ಲಿ ಬಾಯಿಪಾಠ ಒಪ್ಪಿಸಿದ ಮಗು ನಾಳೆ ಕಾಲೇಜಿನಲ್ಲಿ ಆ ಸಮಾಧಿಶಿಲೆಯ ಚಿತ್ರ ನೋಡಿದಾಗ, ನಾವು ಹೇಳಿದ ನಿಜಗಳನ್ನೂ ಅನುಮಾನಿಸುತ್ತದೆ. ಮಾತಿನಲ್ಲಿ ಸತ್ಯ, ತೂಕದಲ್ಲಿ ನ್ಯಾಯ ಬೇಕೆಂದು ಪ್ರತಿ ಜುಮಾದಲ್ಲೂ ಕೇಳುವ ನಾವು ಚರಿತ್ರೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಡವೇ? ಮುಂದಿನ ವಾರ್ಷಿಕೋತ್ಸವದ ಪಟ್ಟಿಯಿಂದ ಆ ಸಾಲನ್ನು ತೆಗೆದು, ತೆಂಗಿನ ಮರವೊಂದರಿಂದ ನಾವೆ ಕಟ್ಟಿದ ಒಮಾನಿನ ಬಡಗಿಗಳ ಕಥೆಯನ್ನು ಮಕ್ಕಳಿಗೆ ಹೇಳಿಕೊಡೋಣ.